ಎರಡು ಖಾಲಿ ಶೀಟು

ನಮ್ಮ ಆಸ್ಪತ್ರೆಯ ಔಷಧಿ ಕೌಂಟರಿನ ಮೇಲೆ ಹಳದಿ ಬೋರ್ಡು ಬಂದದ್ದು ಯುಗಾದಿ ಕಳೆದ ಮೇಲೆ. ‘ಔಷಧಿ ಪೋಲು ಮಾಡಬೇಡಿ. ತಿಂದ ಮಾತ್ರೆಯ ಖಾಲಿ ಶೀಟು ಹಿಂದಿರುಗಿಸಿ, ಹೊಸ ಮಾತ್ರೆ ಪಡೆಯಿರಿ.’ ಆ ಬೋರ್ಡಿನ ಧೂಳು ಒರೆಸುವವಳು ನಾನು. ದಿನಾ ಓದಿದ್ದೇನೆ. ಹತ್ತನೇ ತರಗತಿ ಪಾಸಾದವಳು ನಾನು. ಪೊರಕೆ ಹಿಡಿಯುವುದಕ್ಕೆ ಅದು ಬೇಕಾಗಿರಲಿಲ್ಲ.

ನನ್ನ ಹೆಸರು ಪ್ರೇಮಲೀಲಾ. ಆಸ್ಪತ್ರೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ‘ಏ, ಇಲ್ಲಿ ಒರ್ಸು’ ಅನ್ನುತ್ತಾರೆ. ಹದಿನಾಲ್ಕು ವರ್ಷದಿಂದ ಅಲ್ಲಿ ರಕ್ತ, ವಾಂತಿ, ಹೆರಿಗೆಯ ನೀರು ಬಳಿಯುತ್ತಿದ್ದೇನೆ. ಕಂಟ್ರಾಕ್ಟರ್ ನಾಲ್ಕು ಜನ ಬದಲಾದರು. ನಾನು ಬದಲಾಗಲಿಲ್ಲ, ಖಾಯಮ್ಮೂ ಆಗಲಿಲ್ಲ. ಕೈಗೆ ಗ್ಲೌಸ್ ಕೊಟ್ಟದ್ದು ಕೊರೋನಾ ಬಂದಾಗ ಒಮ್ಮೆ, ಫೋಟೋ ತೆಗೆಯುವ ದಿನ.

ನನಗೆ ಒಬ್ಬಳೇ ಮಗಳು, ಪವಿತ್ರ. ಹನ್ನೆರಡನೇ ವಯಸ್ಸಿನಲ್ಲಿ ಅವಳಿಗೆ ಫಿಟ್ಸ್ ಶುರುವಾಯಿತು. ಮೊದಲನೇ ಸಲ ಶಾಲೆಯಲ್ಲೇ ಬಿದ್ದಳು. ನಾಲಿಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತ. ಒಂದಾದ ಮೇಲೆ ಒಂದು ಮಾತ್ರೆ ಬದಲಾಯಿಸಿ ಕೊನೆಗೆ ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು ಒಂದು ಬಿಳಿ ಮಾತ್ರೆ ಬರೆದರು. ಬೆಳಿಗ್ಗೆ ಒಂದು, ರಾತ್ರಿ ಒಂದು. ‘ಒಂದು ದಿನಾನೂ ತಪ್ಪಿಸಬಾರದು’ ಅಂದರು. ತಪ್ಪಿಸಲಿಲ್ಲ. ಎರಡು ವರ್ಷ ಅವಳು ಬೀಳಲಿಲ್ಲ. ದೇವರಾಜ ಮೊಹಲ್ಲಾದ ಒಂದು ಸೀರೆ ಅಂಗಡಿಯ ಮೇಲಂತಸ್ತಿನಲ್ಲಿ ಕೂತು ಸೀರೆಗೆ ಫಾಲ್ಸ್ ಹೊಲಿಯುವ ಕೆಲಸಕ್ಕೆ ಸೇರಿದಳು. ಇಪ್ಪತ್ತು ವರ್ಷ ತುಂಬಿತ್ತು. ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರುತ್ತಿದ್ದಳು. ಒಬ್ಬಳೇ ಹೋಗಿ ಬರುವುದು ಎಂದರೆ ನಮ್ಮ ಮನೆಯಲ್ಲಿ ಏನು ಎಂದು ನಿಮಗೆ ಗೊತ್ತಾಗಲಾರದು. ಮೊದಲ ದಿನ ಅವಳು ವಾಪಸ್ ಬರುವವರೆಗೆ ನಾನು ಉದಯಗಿರಿ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಇಳಿದು ಬಂದವಳು ‘ಅಮ್ಮ, ನಾನೇನು ಬೀಳಲ್ಲ ಕಣಮ್ಮ’ ಎಂದು ನಕ್ಕಳು.

ಮೊದಲು ಒಂದು ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಿದ್ದರು. ಬೋರ್ಡು ಬಂದ ಮೇಲೆ ಹತ್ತು ದಿನದ್ದು. ಇಪ್ಪತ್ತು ಮಾತ್ರೆ, ಎರಡು ಶೀಟು. ಹತ್ತು ದಿನ ಕಳೆದ ಮೇಲೆ ಆ ಎರಡು ಖಾಲಿ ಶೀಟು ಕೌಂಟರಿನ ಟ್ರೇಯಲ್ಲಿ ಹಾಕಬೇಕು. ಷಡಕ್ಷರಿ ಎಂಬ ಫಾರ್ಮಸಿಸ್ಟು ಅದರ ಹಿಂದಿನ ನಂಬರನ್ನು ರಿಜಿಸ್ಟರಿನ ಜೊತೆ ತಾಳೆ ನೋಡಿ, ಕತ್ತರಿಯಿಂದ ನಡುವೆ ಕತ್ತರಿಸಿ ಬಕೆಟ್ಟಿಗೆ ಎಸೆಯುತ್ತಾನೆ. ಆಮೇಲೆ ಹೊಸದು. ಸಂಜೆ ಆ ಬಕೆಟ್ಟು ಖಾಲಿ ಮಾಡುವವಳು ನಾನೇ.

ಇದೆಲ್ಲ ಯಾಕೆ ಎಂದು ಸೂಪರಿಂಟೆಂಡೆಂಟ್ ಅನಂತಪದ್ಮನಾಭ ಅವರು ಒಂದು ದಿನ ಮೀಟಿಂಗ್ ಹಾಲಿನಲ್ಲಿ ಭಾಷಣ ಮಾಡಿ ಹೇಳಿದರು. ನಾನು ಹಿಂದೆ ಕುರ್ಚಿ ಒರೆಸುತ್ತಿದ್ದೆ. ಪುಕ್ಕಟೆ ಸಿಗುವ ಮಾತ್ರೆಗೆ ಜನ ಬೆಲೆ ಕೊಡುವುದಿಲ್ಲವಂತೆ. ಕೆಲವು ಕಾಲೊನಿಗಳಲ್ಲಿ ಸರ್ಕಾರದ ಮಾತ್ರೆ ತೆಗೆದುಕೊಂಡು ಹೋಗಿ ಅಂಗಡಿಗೆ ಮಾರುತ್ತಾರಂತೆ. ಖಾಲಿ ಶೀಟು ಕೇಳಲು ಶುರು ಮಾಡಿದ ಮೇಲೆ ಔಷಧಿಯ ಖರ್ಚು ಮೂರರಲ್ಲಿ ಒಂದು ಪಾಲು ಇಳಿಯಿತಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಖರ್ಚು ಹೇಗೆ ಇಳಿಯಿತು ಎಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಹತ್ತು ದಿನಕ್ಕೊಮ್ಮೆ ಕೂಲಿ ಬಿಟ್ಟು ಬರಲಾಗದವರು ಬರುವುದನ್ನು ಬಿಟ್ಟರು. ಶೀಟು ಕಳೆದುಕೊಂಡವರು ಬೈಸಿಕೊಂಡು ಹೋದರು, ತಿರುಗಿ ಬರಲಿಲ್ಲ. ಸಕ್ಕರೆ ಕಾಯಿಲೆಯ ಒಬ್ಬ ಮುದುಕಿ ಮೂರು ಸಲ ವಾಪಸ್ ಹೋದಳು. ನಾಲ್ಕನೇ ಸಲ ಅವಳು ಬಂದದ್ದು ಕಾಲು ಕೊಳೆತ ಮೇಲೆ, ಕಾಲು ಕತ್ತರಿಸುವ ವಾರ್ಡಿಗೆ. ಸಾಲು ಗಿಡ್ಡವಾಯಿತು. ನನ್ನ ಬಕೆಟ್ಟು ಹಗುರವಾಯಿತು. ಸಾಲಿನಲ್ಲಿ ಇಲ್ಲದವರು ಎಲ್ಲಿಗೆ ಹೋದರು ಎಂದು ಯಾರೂ ಕೇಳಲಿಲ್ಲ.

ಪವಿತ್ರ ಬಹಳ ಅಚ್ಚುಕಟ್ಟು. ಹೊಸ ಶೀಟು ಬಂದ ಕೂಡಲೇ ಅದರ ಹಿಂದೆ ಬಾಲ್‌ಪೆನ್ನಿನಲ್ಲಿ ಶುರು ಮಾಡುವ ತಾರೀಕು ಬರೆಯುತ್ತಿದ್ದಳು. ಮುಗಿದ ಮೇಲೆ ಒಲೆ ಮೇಲಿನ ಹಲಗೆಯಲ್ಲಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಡುತ್ತಿದ್ದಳು. ಅದನ್ನು ಕಳೆದವಳು ಅವಳಲ್ಲ, ನಾನು.

ಪಿತೃಪಕ್ಷದ ಅಮಾವಾಸ್ಯೆ ಭಾನುವಾರ ಬಂದಿತ್ತು. ಹಿರಿಯರಿಗೆ ಎಡೆ ಇಡಬೇಕು. ನನ್ನ ಗಂಡ ಮ್ಯಾನ್‌ಹೋಲಿಗೆ ಇಳಿದು ಸತ್ತು ಒಂಬತ್ತು ವರ್ಷ. ಶನಿವಾರ ಬೆಳಿಗ್ಗೆ ಮನೆಯನ್ನೆಲ್ಲ ತೊಳೆದೆ. ಹಲಗೆ ಮೇಲಿನ ಡಬ್ಬಿಗಳನ್ನು ಇಳಿಸಿದೆ. ಹೊರಗೆ ಒಣ ಕಸದ ಆಟೋ ಹಾಡು ಹಾಕಿಕೊಂಡು ಬಂತು. ಕಸ ಬೇರೆ ಬೇರೆ ಮಾಡಿ ಕೊಡಿ ಎಂದು ಆ ಹಾಡು. ಹದಿನಾಲ್ಕು ವರ್ಷದಿಂದ ಪ್ಲಾಸ್ಟಿಕ್ಕು, ಖಾಲಿ ಶೀಟು ಕಣ್ಣಿಗೆ ಬಿದ್ದರೆ ನನ್ನ ಕೈ ನಿಲ್ಲುವುದಿಲ್ಲ. ಅದು ನಾನು ಮಾಡುವುದಲ್ಲ, ಕೈ ಮಾಡುವುದು. ಹಾಲಿನ ಕವರಿನ ಜೊತೆ ಆ ಕವರನ್ನೂ ಒಣ ಕಸದ ಚೀಲಕ್ಕೆ ತುಂಬಿ ಆಟೋದವನಿಗೆ ಕೊಟ್ಟೆ. ನಮ್ಮ ಬೀದಿಯಲ್ಲಿ ಕಸ ಸರಿಯಾಗಿ ಬೇರೆ ಮಾಡುವವಳು ನಾನೊಬ್ಬಳೇ ಎಂದು ಅವನು ಹೊಗಳಿ ಹೋದ.

ಭಾನುವಾರ ರಾತ್ರಿ ಪವಿತ್ರ ಕೊನೆಯ ಮಾತ್ರೆ ನುಂಗಿ, ಶೀಟು ಇಡಲು ಕವರು ಹುಡುಕಿದಳು.

“ಅಮ್ಮ, ಕವರೆಲ್ಲಿ?”

ಒಂದು ಶೀಟು ಅವಳ ಕೈಯಲ್ಲಿತ್ತು. ಇನ್ನೊಂದು ಶನಿವಾರವೇ ಹೋಗಿತ್ತು.

“ಎಸ್ದ್‌ಬುಟ್ಟೆ ಕಣೆ,” ಎಂದೆ.

“ಒಂದೈತಲ್ಲ ಬುಡು. ಕೇಳಿದ್ರೆ ಕೊಡ್ತಾರೆ. ನೀನು ಅಲ್ಲೇ ಕೆಲ್ಸ ಮಾಡೋಳು ತಾನೇ?” ಅಂದಳು.

ಸೋಮವಾರ ಬೆಳಿಗ್ಗೆ ಸಮವಸ್ತ್ರದಲ್ಲೇ ಸಾಲಿನಲ್ಲಿ ನಿಂತೆ. ಅವಳ ಚಿಕಿತ್ಸೆಯ ಬುಕ್ಕು, ಒಂದು ಶೀಟು ಟ್ರೇಯಲ್ಲಿ ಇಟ್ಟೆ. ನಮ್ಮಂಥವರು ಕೈಗೆ ಕೊಟ್ಟರೆ ಷಡಕ್ಷರಿ ತೆಗೆದುಕೊಳ್ಳುವುದಿಲ್ಲ. ‘ಟ್ರೇಗ್ ಹಾಕು’ ಅನ್ನುತ್ತಾನೆ. ಬೇರೆಯವರ ಕೈಯಿಂದ ಕೈಗೇ ತೆಗೆದುಕೊಳ್ಳುತ್ತಾನೆ. ಇದನ್ನು ನಾನು ಹೇಳಿದರೆ ‘ಹಾಗೇನಿಲ್ಲ, ನಿನಗೇ ಹಾಗನ್ನಿಸುತ್ತೆ’ ಎಂದು ನರ್ಸಮ್ಮನವರು ಹೇಳುತ್ತಾರೆ.

“ಇನ್ನೊಂದೆಲ್ಲಿ?” ಎಂದ.

“ಕಸದ ಆಟೋಗೆ ಹೋಗ್ಬುಡ್ತು ಸಾ. ಹಬ್ಬದ ಕ್ಲೀನಿಂಗಲ್ಲಿ ನಾನೇ ಎಸ್ದೆ.”

“ಶೀಟಿಲ್ದೆ ಇಲ್ಲ.”

“ಒಂದೈತಲ್ಲ ಸಾ. ಒಂದ್ ಶೀಟಾದ್ರೂ ಕೊಡಿ. ಮಗೀಗೆ ಫಿಟ್ಸು. ಮಾತ್ರೆ ತಪ್ಪಿದ್ರೆ ಬೀಳ್ತಾಳೆ.”

“ಎರಡು ಕೊಟ್ಟಿದೀನಿ, ಎರಡು ಬರ್ಬೇಕು. ಅರ್ಧ ತಂದವ್ರಿಗೆ ಅರ್ಧ ಅಂತ ರೂಲಿಲ್ಲ. ನೆಕ್ಸ್ಟ್.”

ನನ್ನ ಹಿಂದೆ ಒಬ್ಬರು ರಿಟೈರ್ಡ್ ಮೇಷ್ಟ್ರು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ. ಬಿಪಿ ಮಾತ್ರೆ. ಅವರು ಜೇಬು ತಡಕಿ, “ಅಯ್ಯೋ, ಶೀಟು ಮನೇಲೇ ಬಿಟ್ಟು ಬಂದೆ ಕಣಪ್ಪ,” ಅಂದರು.

“ಪರ್ವಾಗಿಲ್ಲ ಸಾರ್, ಮುಂದಿನ ಸಲ ತನ್ನಿ,” ಎಂದು ಷಡಕ್ಷರಿ ಮಾತ್ರೆಯನ್ನು ಅವರ ಕೈಗೆ ಕೊಟ್ಟ.

ನಾನು ನೋಡಿದೆ. ಮೇಷ್ಟ್ರೂ ನನ್ನನ್ನು ನೋಡಿದರು. ಆಮೇಲೆ ಕನ್ನಡಕ ಒರೆಸಿಕೊಂಡು ಹೋದರು.

ಅಂದೇ ಹೊರಗೆ ಕೊಂಡುಕೊಳ್ಳಬಹುದಿತ್ತಲ್ಲ ಎಂದು ಈಗ ಎಲ್ಲರೂ ನನ್ನನ್ನು ಕೇಳುತ್ತಾರೆ. ಎರಡು ತಿಂಗಳಿಂದ ಸಂಬಳ ಕೊಡದ ಕಂಟ್ರಾಕ್ಟರನ್ನು ಯಾರೂ ಏನೂ ಕೇಳುವುದಿಲ್ಲ. ಕೈಯಲ್ಲಿದ್ದದ್ದು ಎಡೆಗೆ ಹೋಗಿತ್ತು. ಕಳೆದ ಶೀಟು ಹುಡುಕಿಬಿಟ್ಟರೆ ಆಯಿತು ಎಂದು ನನ್ನ ದಡ್ಡ ತಲೆಗೆ ಹೊಳೆಯಿತು. ಕಸದಲ್ಲಿ ಹುಡುಕುವುದು ನನಗೆ ಬರುವ ಕೆಲಸ.

ಡ್ಯೂಟಿ ಮುಗಿಸಿ ನಮ್ಮ ವಾರ್ಡಿನ ಕಸ ವಿಂಗಡಿಸುವ ಶೆಡ್ಡಿಗೆ ಹೋದೆ. ಅಲ್ಲಿ ಚೆಲುವಯ್ಯ ಎಂಬ ಮುದುಕ ಕೆಲಸ ಮಾಡುತ್ತಾನೆ. ನನ್ನ ಗಂಡನ ಜೊತೆ ಮ್ಯಾನ್‌ಹೋಲಿನಲ್ಲಿ ಇಳಿದವನು, ಬದುಕಿ ಮೇಲೆ ಬಂದವನು. ನಾನು ಹೇಳಿದ್ದು ಕೇಳಿ ಅವನು ಬೀಡಿ ನೆಲಕ್ಕೆ ಒತ್ತಿದ.

“ಶನಿವಾರದ್ದು ಆ ಗುಡ್ಡೆ ಕಣವ್ವ. ಲೋಡಿನ್ನೂ ಹೋಗಿಲ್ಲ, ದಸರಾಕ್ಕೆ ಲಾರಿ ಎಲ್ಲ ಅರಮನೆ ಕಡೆ ಹೋಗವೆ. ಬಾ, ನಾನೂ ಕೂತ್ಕತೀನಿ.”

ಇಬ್ಬರೂ ಕೂತೆವು. ಚೀಲ ಸುರಿದು, ಹರಡಿ, ಕೈಯಲ್ಲೇ ಕೆದಕಿದೆವು. ಒಣ ಕಸ ಎನ್ನುವುದು ಹೆಸರಿಗೆ. ಮಕ್ಕಳ ಹೇಲಿನ ಪ್ಯಾಡು, ಹುಳ ಹಿಡಿದ ಮಾಂಸದ ಕವರು, ಹೆಂಗಸರ ಬಟ್ಟೆ, ಒಡೆದ ಬಾಟಲು. ಗಾಜು ಹೆಬ್ಬೆರಳಿಗೆ ಹೊಕ್ಕಿತು. ಬಟ್ಟೆ ಸುತ್ತಿಕೊಂಡು ಮತ್ತೆ ಕೆದಕಿದೆ. ಅರಮನೆ ಕಡೆ ದೀಪ ಹತ್ತಿ ಆಕಾಶ ಅತ್ತ ಹಳದಿಯಾಗಿತ್ತು. ಕೊನೆಗೆ ಅದೇ ಮಾತ್ರೆಯ ಮೂರು ಶೀಟು ಸಿಕ್ಕವು. ಒಂದು ಹರಿದಿತ್ತು. ಒಂದರ ಹಿಂದೆ ಏನೋ ಬರೆದದ್ದು ಕಸದ ರಸದಲ್ಲಿ ಹರಡಿ ಹೋಗಿತ್ತು. ಇನ್ನೊಂದರ ಮೇಲೆ ಬರಹ ಇರಲಿಲ್ಲ. ಬರೆದದ್ದು ಅವಳದೇ ಎಂದು ನನಗೆ ಗೊತ್ತಿತ್ತು. ಆದರೆ ಅದರ ತುದಿ ಕಿತ್ತು ನಂಬರು ಹೋಗಿತ್ತು. ಬರಹ ಇಲ್ಲದ್ದರಲ್ಲಿ ನಂಬರು ಇತ್ತು, ಅದೂ ಇರಲಿ ಎಂದು ಎರಡನ್ನೂ ತೊಳೆದು ತಂದೆ.

ಪವಿತ್ರ ಆ ರಾತ್ರಿ ನನ್ನ ಹೆಬ್ಬೆರಳಿಗೆ ಅರಿಶಿನ ಒತ್ತಿದಳು. “ಒಂದಿನ ತಪ್ಪಿದ್ರೆ ಏನಾಗಲ್ಲ ಬುಡು,” ಅಂದಳು. ಆದರೂ ಮಲಗುವಾಗ ತಲೆದಿಂಬು ಗೋಡೆಯಿಂದ ದೂರ ಎಳೆದುಕೊಂಡಳು. ಬಿದ್ದು ಒದ್ದಾಡಿದರೆ ಗೋಡೆಗೆ ತಲೆ ಬಡಿಯದಿರಲಿ ಎಂದು ಚಿಕ್ಕವಳಿದ್ದಾಗ ಹಾಗೆ ಮಾಡುತ್ತಿದ್ದಳು.

ಮಂಗಳವಾರ ಮತ್ತೆ ಸಾಲು. ಮನೆಯಲ್ಲಿದ್ದದ್ದು ಒಂದು, ಕಸದಲ್ಲಿ ಸಿಕ್ಕದ್ದು ಎರಡು, ಮೂರೂ ಶೀಟು ಟ್ರೇಯಲ್ಲಿ ಹಾಕಿದೆ. ಷಡಕ್ಷರಿ ಮೂಗು ಮುಚ್ಚಿಕೊಂಡು ಪೆನ್ನಿನಿಂದ ಒಂದೊಂದನ್ನೇ ತಿರುಗಿಸಿದ. ಕಸದಲ್ಲಿ ಸಿಕ್ಕವುಗಳಲ್ಲಿ ನಂಬರು ಇದ್ದದ್ದು ತಾಳೆಯಾಗಲಿಲ್ಲ. ಬೇರೆ ಯಾರದೋ.

“ಎಲ್ಲಿಂದ ತಂದೆ ಇದನ್ನ?”

“ಕಸದ ಶೆಡ್ಡಿಂದ ಸಾ.”

“ಕಸದ ಶೆಡ್ಡಿಂದಲ್ಲ. ನನ್ನ ಬಕೆಟ್ಟಿಂದ. ಸಾಯಂಕಾಲ ಬಕೆಟ್ ಎತ್ಕೊಂಡು ಹೋಗೋಳು ನೀನೇ ತಾನೆ? ಎಷ್ಟ್ ದಿನದಿಂದ ನಡೀತಿದೆ ಈ ದಂಧೆ?”

“ಬಕೆಟ್ಟಲ್ಲಿರೋವು ಕತ್ತರ್ಸಿರ್ತವೆ ಸಾ. ಇದು ಇಡೀದು. ಈ ಬರ್ದಿರೋದು ನನ್ ಮಗಳ ಕೈಬರಹ. ನೋಡಿ ಸಾ.”

ಅವನು ನೋಡಲಿಲ್ಲ. ಗಟ್ಟಿಯಾಗಿ ಕೂಗಿದ. ಸಾಲಿನವರೆಲ್ಲ ಹಿಂದೆ ಸರಿದು ನನ್ನ ಸುತ್ತ ಜಾಗ ಬಿಟ್ಟರು. ಕಂಟ್ರಾಕ್ಟರಿನ ಸೂಪರ್‌ವೈಸರ್ ಲಿಖಿತ್ ಓಡಿ ಬಂದ. ನನಗಿಂತ ಹದಿನೈದು ವರ್ಷ ಚಿಕ್ಕವನು. ಎಲ್ಲರ ಮುಂದೆ ನನ್ನ ಚೀಲ ಸುರಿಸಿದ. ಬುತ್ತಿ ಡಬ್ಬಿ, ಹಳೆ ಸೀರೆಯ ತುಂಡು, ಬಸ್ ಪಾಸು. ಬುತ್ತಿ ಡಬ್ಬಿಯನ್ನೂ ತೆಗೆಸಿದ. ಮುದ್ದೆಯನ್ನು ಪೆನ್ನಿನಿಂದ ಚುಚ್ಚಿ ನೋಡಿದ. ಏನೂ ಸಿಗಲಿಲ್ಲ. ಸಿಗದಿದ್ದರೆ ಏನಂತೆ, ಕಳ್ಳಿ ಎಂದು ಎಲ್ಲರಿಗೂ ಗೊತ್ತಾಗಿತ್ತು.

“ಎನ್‌ಕ್ವೈರಿ ಆಗೋವರ್ಗೂ ಇದು ಇಲ್ಲಿರ್ಲಿ,” ಎಂದು ಷಡಕ್ಷರಿ ಪವಿತ್ರಳ ಬುಕ್ಕನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದ.

ನಾನು ಕೈ ಮುಗಿದೆ. ನೆಲ ಮುಟ್ಟಿ ಕೈ ಮುಗಿದೆ. ಈಗ ಅದನ್ನು ನೆನೆದರೆ ಆ ಕೈಗಳನ್ನು ಕತ್ತರಿಸಿಕೊಳ್ಳಬೇಕು ಅನ್ನಿಸುತ್ತದೆ. “ಬುಕ್ಕಾದ್ರೂ ಕೊಡಿ ಸಾ. ಹೊರ್ಗಡೆ ತಗತೀನಿ.”

“ಹೊರ್ಗಡೆ ತಗೊಳ್ಳೋಕೆ ದುಡ್ಡಿದ್ರೆ ಇಲ್ಲಿಗ್ಯಾಕ್ ಬರ್ತಿದ್ದೆ?” ಅಂದ. ಯಾರೋ ನಕ್ಕರು.

ಡ್ಯೂಟಿ ಡಾಕ್ಟರ ಹತ್ತಿರ ಹೋದೆ. ಚಿಕ್ಕ ಹುಡುಗಿ. ಪಾಪ, ಪೂರ್ತಿ ಕೇಳಿದಳು. “ಬುಕ್ ನೋಡದೆ ಈ ಮಾತ್ರೆ ನಾನು ಬರೆಯೋ ಹಾಗಿಲ್ಲಮ್ಮ. ನಾಳೆ ಬುಧವಾರ. ದೊಡ್ಡ ಡಾಕ್ಟರ್ ಬರ್ತಾರೆ. ಮಗಳನ್ನ ಕರ್ಕೊಂಡು ಬನ್ನಿ, ಹೊಸ ಬುಕ್ ಮಾಡಿಸೋಣ,” ಅಂದಳು.

ಸಂಜೆ ಪಕ್ಕದ ಮನೆಯ ಸರೋಜಮ್ಮ ತನ್ನ ಸಂಘದ ದುಡ್ಡು ತೆಗೆದು ಕೈಗಿಟ್ಟಳು. ಮಂಡಿ ಮೊಹಲ್ಲಾದ ಎರಡು ಮೆಡಿಕಲ್ ಶಾಪಿಗೆ ಹೋದೆ. ಟ್ರೇಯಿಂದ ವಾಪಸ್ ತಂದಿದ್ದ ಖಾಲಿ ಶೀಟು ತೋರಿಸಿ ಇದೇ ಮಾತ್ರೆ ಬೇಕೆಂದೆ.

“ಚೀಟಿ ಎಲ್ಲಮ್ಮ?”

“ಆಸ್ಪತ್ರೇಲಿ ಇಟ್ಕಂಡವ್ರೆ.”

“ಚೀಟಿ ಇಲ್ದೆ ಇದನ್ನ ಕೊಡಂಗಿಲ್ಲ ಕಣಮ್ಮ. ಲೈಸೆನ್ಸ್ ಹೋಗ್ತದೆ.” ಎರಡನೆಯವನು ಶೀಟನ್ನು ತಿರುಗಿಸಿ ನೋಡಿ, “ಇದು ಗೌರ್ಮೆಂಟ್ ಸಪ್ಲೈ. ಮಾರಕ್ಕಿಲ್ಲ ಅಂತ ಬರ್ದೈತೆ. ಎಲ್ಲಿ ಸಿಕ್ತು ನಿಂಗೆ?” ಎಂದು ನನ್ನನ್ನೇ ಅನುಮಾನದಿಂದ ನೋಡಿದ. ಮುಷ್ಟಿಯಲ್ಲಿ ದುಡ್ಡಿತ್ತು. ಗಾಜಿನ ಬೀರುವಿನಲ್ಲಿ ಮಾತ್ರೆ ಇತ್ತು. ನಡುವೆ ಒಂದು ಚೀಟಿ ಇರಲಿಲ್ಲ.

ಬುಧವಾರಕ್ಕೆ ನಾನು ಹಿಂದಿನ ದಿನವೇ ರಜೆ ಕೇಳಿದೆ. ಲಿಖಿತ್ ಕೊಡಲಿಲ್ಲ. ಅಂದು ಆಸ್ಪತ್ರೆಯಲ್ಲಿ ಸಮಾರಂಭ. ಔಷಧಿ ಖರ್ಚನ್ನು ಇಷ್ಟು ಚೆನ್ನಾಗಿ ಹಿಡಿತಕ್ಕೆ ತಂದದ್ದಕ್ಕೆ ನಮ್ಮ ಆಸ್ಪತ್ರೆಗೆ ಪ್ರಶಸ್ತಿ. ಬೆಂಗಳೂರಿನಿಂದ ದೊಡ್ಡವರು ಬರುತ್ತಾರೆ. “ಕಳ್ಳತನದ ಕೇಸಿರೋಳು ನೀನು. ನಾಳೆ ಬರ್ದೆ ಇದ್ರೆ ಹೆಸ್ರು ಹೊಡೆದ್ ಹಾಕ್ತೀನಿ,” ಅಂದ.

ಬೆಳಿಗ್ಗೆ ಆರಕ್ಕೆ ಹೊರಟೆ. ಪವಿತ್ರ ಎದ್ದು ಬಾಗಿಲ ಬಳಿ ಬಂದಳು. ಕಣ್ಣು ಭಾರವಾಗಿತ್ತು. ನನಗೆ ಆ ಕಣ್ಣು ಗೊತ್ತು.

“ಸ್ನಾನ ಮಾಡ್ಕಂಡು ಒಂಬತ್ ಗಂಟೆಗೆ ಸರೋಜಕ್ಕನ ಜೊತೆ ಬಂದ್ಬುಡ್ತೀನಿ. ನೀನು ಹೋಗಮ್ಮ,” ಅಂದಳು.

ಬಚ್ಚಲಿನ ಬಾಗಿಲು ಹಾಕಿಕೊಳ್ಳಬೇಡ ಎಂದು ಹೇಳಲು ಮರೆತೆ. ಎರಡು ವರ್ಷದಿಂದ ಹೇಳಬೇಕಾಗಿ ಬಂದಿರಲಿಲ್ಲ.

ಮುಂಬಾಗಿಲಿನಿಂದ ಮೀಟಿಂಗ್ ಹಾಲಿನ ತನಕ ನೆಲವನ್ನು ಮೂರು ಸಲ ಒರೆಸಿದೆ. ಮೊದಲು ಸೋಪಿನ ನೀರು, ಆಮೇಲೆ ಫಿನಾಯಿಲು, ಆಮೇಲೆ ಬರೀ ನೀರು. ಎಡಕ್ಕೆ ಆ ಹಾಲ್, ಬಲಕ್ಕೆ ಕ್ಯಾಶುವಾಲಿಟಿ. ಎರಡಕ್ಕೂ ಒಂದೇ ಬಾಗಿಲು. ಮಾವಿನ ತೋರಣ ಕಟ್ಟಿದ್ದರು. ಒಂಬತ್ತೂವರೆಯಾದರೂ ಪವಿತ್ರ ಬರಲಿಲ್ಲ. ಹತ್ತಕ್ಕೆ ಮುಂಬಾಗಿಲಿಗೆ ಒಂದು ಆಟೋ ಬಂತು.

ಸರೋಜಮ್ಮ ಕಿರುಚುತ್ತಾ ಇಳಿದಳು. ಒಳಗೆ ಸೀಟಿನ ಮೇಲೆ ನನ್ನ ಮಗಳು. ಮೈಮೇಲೆ ಸರೋಜಮ್ಮನ ನೈಟಿ ಎಳೆದಿದ್ದರು. ಕೂದಲಿನಿಂದ ನೀರು ಸುರಿಯುತ್ತಿತ್ತು. ಬಚ್ಚಲಿನಲ್ಲಿ ಫಿಟ್ಸ್ ಬಂದು ತೊಟ್ಟಿಯೊಳಗೆ ಮುಖ ಅಡಿಯಾಗಿ ಬಿದ್ದಿದ್ದಳು. ಒಳಗಿನಿಂದ ಚಿಲಕ. ಒಡೆದು ತೆಗೆಯುವಷ್ಟರಲ್ಲಿ ಎಷ್ಟು ಹೊತ್ತಾಗಿತ್ತೋ. ತುಟಿ ನೀಲಿ. ನಾಲಿಗೆ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು.

ಸ್ಟ್ರೆಚರಿನ ಜೊತೆ ಓಡಿದೆ. ಅದೇ ಚಿಕ್ಕ ಡಾಕ್ಟರು ಎದೆ ಒತ್ತಿದಳು. ಬಹಳ ಹೊತ್ತು ಒತ್ತಿದಳು. ಆಮೇಲೆ ಕೈ ತೆಗೆದು ಗೋಡೆ ಕಡೆ ತಿರುಗಿ ಅತ್ತಳು. ನನಗೆ ಅಳು ಬರಲಿಲ್ಲ.

ಹೊರಗೆ ಕಾರುಗಳು ಬಂದವು. ಲಿಖಿತ್ ಕಾರಿಡಾರಿನಲ್ಲಿ ಎಗರಾಡುತ್ತಿದ್ದ. “ಗೆಸ್ಟ್ ಬಂದ್ರು! ಬಾಗ್ಲಿಂದ ಇಲ್ಲೀಗಂಟ ನೀರು! ಯಾರಾದ್ರೂ ಒರೆಸ್ರೋ! ಏ, ಬೇಗ!”

ನನ್ನ ಮಾಪು ಗೋಡೆಗೆ ಒರಗಿಸಿದ್ದಲ್ಲೇ ಇತ್ತು. ನನ್ನ ಮಗಳ ಕೂದಲಿನಿಂದ ಬಿದ್ದ ನೀರು ನಾನು ಮೂರು ಸಲ ಒರೆಸಿದ ನೆಲದ ಮೇಲೆ ಉದ್ದಕ್ಕೆ ಹರಡಿತ್ತು. ಇದನ್ನು ಹೇಳದೆ ಬಿಡಬಹುದಿತ್ತು. ಬಿಡುವುದಿಲ್ಲ. ನಾನು ಮಾಪು ತೆಗೆದುಕೊಂಡೆ. ಆ ನೀರನ್ನು ಒರೆಸಿದೆ. ಬಕೆಟ್ಟಿಗೆ ಹಿಂಡಿದೆ. ಮತ್ತೆ ಒರೆಸಿದೆ. ನನ್ನ ಪಕ್ಕದಲ್ಲೇ ಬೂಟುಗಳು ನಡೆದು ಹೋದವು. ಯಾರ ಕಾಲೂ ಜಾರಲಿಲ್ಲ.

ಪೋಸ್ಟ್‌ಮಾರ್ಟಂ ಆಗಿ ಸಂಜೆ ಹೆಣ ಕೊಟ್ಟರು. ನೀರಿನಲ್ಲಿ ಉಸಿರು ಕಟ್ಟಿ ಸಾವು ಎಂದು ಬರೆದರು. ಅಂದೇ ಮಣ್ಣು ಮಾಡಿದೆವು. ಹೆಣದ ಮನೆಯ ಮುಂದೆ ಸರೋಜಮ್ಮ ಎದೆ ಬಡಿದುಕೊಂಡು ಹೇಳಿದ್ದನ್ನು ಯಾರೋ ಪೇಪರಿನವರು ಬರೆದುಕೊಂಡಿದ್ದರಂತೆ. ‘ಮಾತ್ರೆ ನಿರಾಕರಣೆ: ಯುವತಿ ಸಾವು, ಸಂಬಂಧಿಕರ ಆರೋಪ.’ ಐದು ಸಾಲು. ಪ್ರಶಸ್ತಿಯ ಫೋಟೋದ ಕೆಳಗೇ ಬಂದಿತ್ತು.

ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದಾಗ ಲಿಖಿತ್ ಮನೆ ಮುಂದೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ. “ಅಕ್ಕ, ನಾಳೆ ಸಾಹೇಬ್ರು ಬರಕ್ಕೇಳವ್ರೆ,” ಅಂದ. ಅಕ್ಕ ಎಂದದ್ದು ಅದೇ ಮೊದಲು.

ಶನಿವಾರ ಹೋದೆ. ಅನಂತಪದ್ಮನಾಭ ಅವರು ಕುರ್ಚಿ ತೋರಿಸಿದರು. ಹದಿನಾಲ್ಕು ವರ್ಷ ಆ ಕುರ್ಚಿ ಒರೆಸಿದ್ದೇನೆ, ಕೂತಿರಲಿಲ್ಲ. ಅವತ್ತೂ ಕೂರಲಿಲ್ಲ. ಮೇಜಿನ ಆ ಕಡೆ ಷಡಕ್ಷರಿ ನಿಂತಿದ್ದ. ಮೇಜಿನ ಮೇಲೆ ಔಷಧಿ ರಿಜಿಸ್ಟರು ತೆರೆದಿತ್ತು. ಪಕ್ಕದಲ್ಲಿ ಎರಡು ಹೊಸ ಶೀಟು, ಹೊಳೆಯುವಂಥವು.

“ನೋಡಮ್ಮ, ಆಗಿದ್ದು ಆಗ್ಹೋಯ್ತು. ಸಾವು ಯಾರ ಕೈಲೂ ಇಲ್ಲ,” ಎಂದರು. ದನಿ ಬಹಳ ಮೆತ್ತಗಿತ್ತು. “ನಿನ್ನ ಮೇಲಿರೋ ಕಳ್ಳತನದ ಕಂಪ್ಲೇಂಟ್ ನಾನು ಮುಂದುವರಿಸಲ್ಲ. ಖಾಯಂ ಮಾಡೋದಕ್ಕೂ ಬರೀತೀನಿ. ಇಲ್ಲೊಂದು ಸಹಿ ಹಾಕು.”

ಓದಿದೆ. ಹತ್ತನೇ ತರಗತಿ ಕಡೆಗೂ ಕೆಲಸಕ್ಕೆ ಬಂತು. ಸೋಮವಾರದ ತಾರೀಕು. ಪವಿತ್ರ, ವಯಸ್ಸು ಇಪ್ಪತ್ತು. ಇಪ್ಪತ್ತು ಮಾತ್ರೆ ನೀಡಲಾಗಿದೆ. ಪಡೆದವರ ಸಹಿ ಎಂಬಲ್ಲಿ ಮಾತ್ರ ಖಾಲಿ.

“ಸೋಮವಾರ ಕೊಡ್ಲಿಲ್ವಲ್ಲ ಸಾ.”

“ಈಗ ಕೊಡ್ತಿದೀವಲ್ಲ,” ಎಂದು ಷಡಕ್ಷರಿ ಎರಡು ಶೀಟನ್ನು ನನ್ನ ಕಡೆ ತಳ್ಳಿದ. “ಎಂಟ್ರಿ ಆದ್ಮೇಲೆ ಸ್ಟಾಕಲ್ಲಿ ಇರೋ ಹಾಗಿಲ್ಲ. ತಗೊಂಡ್ ಹೋಗು. ಲೆಕ್ಕ ಸರಿ ಹೋಗ್ಬೇಕು.”

ಖಾಲಿ ಶೀಟು ತಂದಿದ್ದೀಯಾ ಎಂದು ಈ ಸಲ ಕೇಳಲಿಲ್ಲ. ಸತ್ತವರಿಗೆ ಆ ರೂಲು ಇಲ್ಲ.

ನನ್ನೊಳಗೆ ಅಷ್ಟು ದಿನ ಗಂಟು ಹಾಕಿಕೊಂಡಿದ್ದದ್ದು ಆಗ ಬಿಚ್ಚಿತು. ಅಳು ಅಲ್ಲ. ಸಿಟ್ಟು. ಹದಿನಾಲ್ಕು ವರ್ಷದ್ದು. ಪೆನ್ನು ಮುಟ್ಟಲಿಲ್ಲ. ಎರಡು ಶೀಟು ಎತ್ತಿಕೊಂಡೆ. ಬಾಗಿಲು ತೆರೆದು ಹೊರಗೆ ಬಂದೆ.

“ಸಹಿ, ಸಹಿ!” ಎಂದು ಷಡಕ್ಷರಿ ಹಿಂದೆಯೇ ಬಂದ. ಸೂಪರಿಂಟೆಂಡೆಂಟರೂ ಎದ್ದು ಬಂದರು.

ಔಷಧಿ ಕೌಂಟರಿನ ಮುಂದೆ ಸಾಲಿತ್ತು. ಹಳದಿ ಬೋರ್ಡಿನ ಕೆಳಗೆ ಮೂವತ್ತು ಜನ, ಎಲ್ಲರ ಕೈಯಲ್ಲೂ ಖಾಲಿ ಶೀಟು. ನಾನು ಅವರ ನಡುವೆ ಹೋಗಿ ನಿಂತೆ. ಮೊದಲನೇ ಮಾತ್ರೆಯನ್ನು ಶೀಟಿನಿಂದ ಒತ್ತಿ ಹೊರಗೆ ತೆಗೆದೆ. ಟಕ್ ಎಂದು ನೆಲಕ್ಕೆ ಬಿತ್ತು. ಉರುಳಿತು. ಎರಡನೆಯದು. ಮೂರನೆಯದು. ಹೆಬ್ಬೆರಳಿನ ಗಾಯ ಬಿಚ್ಚಿ ಶೀಟಿಗೆ ರಕ್ತ ಹತ್ತಿತು. ನಿಲ್ಲಿಸಲಿಲ್ಲ. ಇಪ್ಪತ್ತು ಮಾತ್ರೆಯೂ ನೆಲದ ಮೇಲೆ ಹರಡಿಕೊಂಡವು.

ಷಡಕ್ಷರಿಯ ಕೈ ಹಿಡಿದೆ. ಟ್ರೇ ಅಲ್ಲ, ಕೈ. ಅಂಗೈ ಬಿಡಿಸಿ ಎರಡು ಶೀಟನ್ನೂ ಅದರಲ್ಲಿಟ್ಟೆ.

“ತಗೊಳಿ ಸಾ. ಎರಡು ಖಾಲಿ ಶೀಟು. ನಂಬರ್ ತಾಳೆ ನೋಡ್ಕಳಿ. ಈಗ ನನ್ ಮಗಳ್ನ ಕೊಡಿ.”

ಅವನು ಕೈ ಕೊಸರಿಕೊಂಡ. ಅಂಗೈಯಲ್ಲಿ ನನ್ನ ರಕ್ತ. ಅಂಗಿಗೆ ಒರೆಸಿಕೊಂಡ.

ಯಾರೋ ಫೋನ್ ಎತ್ತಿ ವಿಡಿಯೋ ತೆಗೆಯಲು ಶುರು ಮಾಡಿದರು. ಅನಂತಪದ್ಮನಾಭ ಅವರ ಮೆತ್ತಗಿನ ದನಿ ಹೋಯಿತು. “ಮೊದ್ಲು ಇದನ್ನೆಲ್ಲ ತೆಗೆಸ್ರಿ!”

ಲಿಖಿತ್ ನನ್ನತ್ತ ಕೈ ತೋರಿಸಿದ. “ಏ, ಗುಡ್ಸು!”

“ಗುಡ್ಸಲ್ಲ,” ಎಂದೆ.

ಕಾರಿಡಾರಿನ ಕೊನೆಯಲ್ಲಿ ನಮ್ಮವರೇ ನಾಲ್ಕು ಜನ ಹೆಂಗಸರು ಪೊರಕೆ ಹಿಡಿದು ನಿಂತಿದ್ದರು. ಅವನು ಅವರನ್ನು ಕೂಗಿದ. ಕೆಲಸ ಹೋಗುತ್ತದೆ ಎಂದ. ಅವರು ಅಲ್ಲಿಂದ ಕದಲಲಿಲ್ಲ. ಒಬ್ಬಳು ಪೊರಕೆಯನ್ನು ಗೋಡೆಗೆ ಒರಗಿಸಿ ಸೆರಗಿನಲ್ಲಿ ಬಾಯಿ ಒತ್ತಿಕೊಂಡಳು.

“ಷಡಕ್ಷರಿ, ನೀವೇ ಎತ್ತಿ. ಎಣಿಸಿ ಎತ್ತಿ,” ಎಂದು ಸೂಪರಿಂಟೆಂಡೆಂಟರು ಹಲ್ಲು ಕಚ್ಚಿ ಹೇಳಿದರು.

ಅವನು ಬಗ್ಗಿದ. ಆಮೇಲೆ ಮಂಡಿ ಊರಿದ. ಬೆಂಚಿನ ಅಡಿಯಿಂದ, ಜನರ ಚಪ್ಪಲಿಗಳ ನಡುವಿನಿಂದ ಒಂದೊಂದೇ ಮಾತ್ರೆ ಹೆಕ್ಕಿದ. ಯಾರೂ ಅವನಿಗೆ ದಾರಿ ಬಿಡಲಿಲ್ಲ. ಹತ್ತೊಂಬತ್ತು ಸಿಕ್ಕವು. ಇಪ್ಪತ್ತನೆಯದಕ್ಕೆ ನೆಲವನ್ನೆಲ್ಲ ನೋಡಿದ. ಕೊನೆಗೆ ತೆವಳಿಕೊಂಡು ನನ್ನ ಮುಂದೆ ಬಂದು ತಲೆ ಎತ್ತಿದ.

“ಕಾಲು ಸ್ವಲ್ಪ ಎತ್ತಮ್ಮ,” ಎಂದ.

ನಾನು ಎತ್ತಲಿಲ್ಲ.